ನೋವಿನ ಶಮನ: ಆರೋಗ್ಯ ಸಿಬ್ಬಂದಿಯ ನಿರಂತರ ಶಿಕ್ಷಣ

ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗದಲ್ಲಿ ಸರತಿಯಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ವಿಚಾರಿಸಿದರೆ, ಅವರನ್ನು ಅಲ್ಲಿಗೆ ಕರೆತಂದ ಕಾರಣ ಬಹುಮಟ್ಟಿಗೆ ಒಂದೇ ಎಂಬುದು ತಿಳಿದುಬರುತ್ತದೆ. ಅದು ನೋವು. ಒಬ್ಬರಿಗೆ ಸೊಂಟದ್ದು, ಇನ್ನೊಬ್ಬರಿಗೆ ಮಂಡಿಯದು, ಮತ್ತೊಬ್ಬರಿಗೆ ಹಲ್ಲಿನದು. ಜ್ವರ ಬಂದವರ ಮೈಬಿಸಿಯನ್ನು ಉಷ್ಣಮಾಪಕದಿಂದ ಅಳೆಯುತ್ತೇವೆ. ರಕ್ತದ ಒತ್ತಡವನ್ನು ನೋಡಿ ಚೀಟಿಯಲ್ಲಿ ಬರೆಯುತ್ತೇವೆ. ಗರ್ಭಿಣಿಯ ತೂಕವನ್ನು ತಾಯಿ ಕಾರ್ಡಿನಲ್ಲಿ ನಮೂದಿಸುತ್ತೇವೆ. ಆದರೆ ರೋಗಿಯು ಯಾವುದನ್ನು ಹೇಳಿಕೊಳ್ಳಲೆಂದೇ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದನೋ ಆ ನೋವನ್ನು ಅಳೆದು ಬರೆದಿಡುವ ರೂಢಿ ನಮ್ಮಲ್ಲಿ ಬಹಳ ವಿರಳ. ಇದಕ್ಕೆ ಯಾವ ಸಲಕರಣೆಯೂ ಬೇಕಿಲ್ಲ. ಬೇಕಾದುದು ಕಲಿಕೆ ಮಾತ್ರ.

ಇಂದು ಸೇವೆಯಲ್ಲಿರುವ ವೈದ್ಯರಲ್ಲಿ ಹೆಚ್ಚಿನವರು ಎಂ.ಬಿ.ಬಿ.ಎಸ್. ಓದಿದ ಕಾಲದಲ್ಲಿ ನೋವು ಎಂಬುದು ಒಂದು ಸ್ವತಂತ್ರ ಪಾಠವಾಗಿರಲಿಲ್ಲ. ಶರೀರಕ್ರಿಯಾಶಾಸ್ತ್ರದಲ್ಲಿ ನರಮಾರ್ಗಗಳ ಚಿತ್ರ, ಔಷಧಶಾಸ್ತ್ರದಲ್ಲಿ ನೋವುನಿವಾರಕಗಳ ಪಟ್ಟಿ, ಶಸ್ತ್ರವೈದ್ಯದಲ್ಲಿ ನೋವಿನ ಜಾಗವನ್ನು ನೋಡಿ ರೋಗನಿದಾನ ಮಾಡುವ ಕ್ರಮ, ಹೀಗೆ ಅದು ಚೂರುಚೂರಾಗಿ ಹಂಚಿಹೋಗಿತ್ತು. ಈ ಲೇಖಕನೂ ಅದೇ ಪಠ್ಯಕ್ರಮದಲ್ಲಿ ಓದಿದವನು. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಅರಿವಳಿಕೆ ಶಾಸ್ತ್ರದ ಅಂಗವಾಗಿ ನೋವು ಮತ್ತು ಅದರ ಚಿಕಿತ್ಸೆಯನ್ನು ಸೇರಿಸಲಾಗಿದೆ. ಅದಕ್ಕೂ ಮುಂಚೆ ಪದವಿ ಪಡೆದವರ ಪಾಲಿಗೆ ಉಳಿದಿರುವುದು ನಿರಂತರ ಶಿಕ್ಷಣವೊಂದೇ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನೀತಿ ನಿಯಮಾವಳಿಯು ಪ್ರತಿ ವೈದ್ಯನೂ 5 ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ಇಂತಹ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು ಹೇಳುತ್ತದೆ. ಆ 30 ಗಂಟೆಗಳಲ್ಲಿ ಎಷ್ಟು ಭಾಗ ಯಾವ ವಿಷಯಕ್ಕೆ ಸಲ್ಲಬೇಕೆಂಬುದನ್ನು ಮಾತ್ರ ಅದು ವೈದ್ಯನ ವಿವೇಚನೆಗೇ ಬಿಟ್ಟಿದೆ.

ರೋಗಿಯ ಮಾತೇ ಪ್ರಮಾಣ

ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿಗೆ ಒಂದು ವ್ಯಾಖ್ಯೆಯನ್ನು ನೀಡಿ, 2020ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಸಾರಾಂಶವಿಷ್ಟು: ದೇಹದ ಊತಕಕ್ಕೆ ಹಾನಿಯಾದಾಗ ಅಥವಾ ಹಾನಿಯಾದಂತೆ ತೋರಿದಾಗ ಉಂಟಾಗುವ ಅಹಿತಕರವಾದ ಇಂದ್ರಿಯಾನುಭವ ಮತ್ತು ಭಾವಾನುಭವವೇ ನೋವು. ಪರಿಷ್ಕರಣೆಯ ಜೊತೆಗೆ ಸೇರಿಸಿದ ಎರಡು ಟಿಪ್ಪಣಿಗಳು ನಮ್ಮಂತಹವರಿಗೆ ಮುಖ್ಯವಾದವು. ನೋವಿದೆ ಎಂದು ವ್ಯಕ್ತಿ ಹೇಳಿದಾಗ ಆ ಮಾತನ್ನು ಗೌರವಿಸಬೇಕು ಎಂಬುದು ಒಂದು. ಮಾತನಾಡಿ ಹೇಳಲಾರದವನಿಗೆ ನೋವಿಲ್ಲವೆಂದು ಭಾವಿಸಬಾರದು ಎಂಬುದು ಇನ್ನೊಂದು.

ಎಕ್ಸ್-ರೇ ಸರಿಯಾಗಿದೆ, ಆದ್ದರಿಂದ ನೋವು ಇರಲಾರದು ಎನ್ನುವ ವಾದ ಈ ವ್ಯಾಖ್ಯೆಯ ಮುಂದೆ ನಿಲ್ಲದು. 1965ರಲ್ಲಿ ಮೆಲ್‌ಝಾಕ್ ಮತ್ತು ವಾಲ್ ಎಂಬಿಬ್ಬರು ವಿಜ್ಞಾನಿಗಳು, ನೋವಿನ ಸಂದೇಶವು ಮಿದುಳಿಗೆ ತಲಪುವ ಮುನ್ನ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು, ಆ ಬಾಗಿಲು ಹಿಗ್ಗಲೂ ಬಹುದು ಕುಗ್ಗಲೂ ಬಹುದು ಎಂಬ ಸಿದ್ಧಾಂತವನ್ನು ಮಂಡಿಸಿದರು. ಅದರ ವಿವರಗಳು ಮುಂದೆ ತಿದ್ದುಪಡಿಗೊಂಡಿವೆ. ಆದರೂ ಎಡವಿದ ಕಾಲನ್ನು ಕೈಯಿಂದ ತಿಕ್ಕಿಕೊಂಡರೆ ಏಕೆ ಹಿತವಾಗುತ್ತದೆ, ಭಯ ಮತ್ತು ನಿದ್ದೆಗೇಡಿನಿಂದ ಅದೇ ನೋವು ಏಕೆ ಇಮ್ಮಡಿಯಾಗುತ್ತದೆ ಎಂಬುದನ್ನು ಶುಶ್ರೂಷಾ ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಬಹುಕಾಲ ಶಮನಗೊಳ್ಳದ ನೋವು ನರಮಂಡಲವನ್ನೇ ಬದಲಿಸುತ್ತದೆ. ಆಗ ಗಾಯ ಮಾಸಿದರೂ ನೋವು ಮಾಸದು. ಶಸ್ತ್ರಕ್ರಿಯೆಯ ನಂತರ ನೋವಿನ ದೆಸೆಯಿಂದ ಆಳವಾಗಿ ಉಸಿರೆಳೆಯದ ರೋಗಿಗೆ ಶ್ವಾಸಕೋಶದಲ್ಲಿ ಸೋಂಕು ತಗಲುತ್ತದೆ. ಎದ್ದು ಓಡಾಡದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಾಣಂತಿಗೆ ನೋವಿದ್ದರೆ ಎದೆಹಾಲು ಇಳಿಯುವುದು ತಡವಾಗುತ್ತದೆ. ಹೀಗಿರುವಾಗ ಸಹಿಸಿಕೊಳ್ಳಿ ಎಂಬ ಉಪದೇಶವನ್ನು ಚಿಕಿತ್ಸೆ ಎಂದು ಕರೆಯಲಾಗದು.

ನಮ್ಮ ಸೀಮೆಯ ನೋವುಗಳು

ಒಂದು ಪ್ರದೇಶದ ಜನರ ನೋವಿಗೂ ಅವರ ದುಡಿಮೆಗೂ ನೇರವಾದ ಸಂಬಂಧವಿದೆ. ತುಮಕೂರು ನಗರದಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಅಂತರಸನಹಳ್ಳಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಒಂದೆಡೆ ಕೈಗಾರಿಕಾ ಪ್ರದೇಶ, ಇನ್ನೊಂದೆಡೆ ತರಕಾರಿ ಮಾರುಕಟ್ಟೆ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರ ಸೊಂಟ ಮತ್ತು ಕುತ್ತಿಗೆ, ಕಾರ್ಖಾನೆಯಲ್ಲಿ ದಿನವಿಡೀ ನಿಂತು ದುಡಿಯುವವರ ಮಂಡಿ ಮತ್ತು ಹಿಮ್ಮಡಿ, ಯಂತ್ರಕ್ಕೆ ಸಿಕ್ಕಿ ಜಜ್ಜಿದ ಬೆರಳು, ಇವು ಅಂತಹ ಸ್ಥಳದ ನೋವುಗಳು. ಗುಬ್ಬಿ, ಕುಣಿಗಲ್ ಕಡೆಗೆ ಹೋದರೆ ತೆಂಗು, ಅಡಿಕೆ ಮರದಿಂದ ಬಿದ್ದವರು, ರಾಗಿ ಕೊಯ್ಲಿನಲ್ಲಿ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡವರು ಕಾಣಸಿಗುತ್ತಾರೆ. ಜಿಲ್ಲೆಯ ಉತ್ತರಕ್ಕಿರುವ ಪಾವಗಡ, ಶಿರಾ ಸೀಮೆಯ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ, ಬೇರೆ ನೀರು ದೊರೆಯದ ಕಡೆ 1.5 ಮಿಲಿಗ್ರಾಮಿನೊಳಗೆ ಇರಬೇಕೆಂಬುದು ಭಾರತೀಯ ಮಾನಕ. ವರ್ಷಾನುಗಟ್ಟಲೆ ಅದಕ್ಕೂ ಹೆಚ್ಚಿನ ಫ್ಲೋರೈಡ್ ಹೊಟ್ಟೆಗೆ ಹೋದರೆ ಮೂಳೆ ದಪ್ಪಗಾಗಿ, ಕೀಲುಗಳು ಬಿಗಿದು, ಬೆನ್ನು ಹಲಗೆಯಂತಾಗುತ್ತದೆ. ಇಂತಹವರಿಗೆ ನೋವಿನ ಗುಳಿಗೆಯನ್ನು ಬರೆದು ನೀರಿನ ಮೂಲವನ್ನು ವಿಚಾರಿಸದೆ ಕಳುಹಿಸುವುದು ಅರ್ಧ ಕೆಲಸ ಮಾತ್ರ.

ಹಮಾಲರ ಸೊಂಟನೋವಿನ ಬಗ್ಗೆ ಎರಡು ಮಾತು ಅಗತ್ಯ. ಇವರಲ್ಲಿ ಹೆಚ್ಚಿನವರದು ಸ್ನಾಯು ಮತ್ತು ಕಟ್ಟುಗಳ ನೋವು. ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಮಲಗಿಯೇ ಇರಿ ಎಂಬ ಹಳೆಯ ಸಲಹೆ ಈಗ ತಪ್ಪೆಂದು ಸಿದ್ಧವಾಗಿದೆ. ಆದಷ್ಟು ಓಡಾಡಿಕೊಂಡಿರುವವರು ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಎರಡೂ ಕಾಲುಗಳಲ್ಲಿ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು, ಕೂರುವ ಭಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಜ್ವರದೊಡನೆ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮರದಿಂದ ಬಿದ್ದ ನಂತರದ ಬೆನ್ನು ನೋವು, ಇವುಗಳಲ್ಲಿ ಯಾವುದೊಂದಿದ್ದರೂ ರೋಗಿಯನ್ನು ಅಂದೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು. ಈ ಆರು ಸಂಗತಿಗಳು ಪ್ರತಿಯೊಬ್ಬ ಆರೋಗ್ಯ ಸಹಾಯಕಿಗೂ ಬಾಯಿಪಾಠವಾಗಿರಬೇಕು.

ಮಾತು ಮತ್ತು ಅಳತೆ

ಇಂಗ್ಲಿಷಿನ ಪಠ್ಯಪುಸ್ತಕದಲ್ಲಿ ಕಲಿತ ವೈದ್ಯನಿಗೆ ಕನ್ನಡದ ನೋವಿನ ಮಾತುಗಳನ್ನು ಯಾರೂ ಕಲಿಸುವುದಿಲ್ಲ. ಆದರೆ ಅರ್ಧ ರೋಗನಿದಾನ ಆ ಮಾತುಗಳಲ್ಲೇ ಇದೆ. ಚುಚ್ಚುತ್ತದೆ, ಕುಕ್ಕುತ್ತದೆ, ಚಳುಕು ಹಿಡಿದಿದೆ ಎಂದು ಒಂದೇ ಜಾಗವನ್ನು ಬೆರಳಿನಿಂದ ತೋರಿಸುವವರದು ಸಾಮಾನ್ಯವಾಗಿ ಮೂಳೆ, ಸ್ನಾಯು ಅಥವಾ ಗಾಯದ ನೋವು. ಹಿಂಡುತ್ತದೆ, ನುಲಿಯುತ್ತದೆ ಎಂದು ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸುವವರದು ಒಳಾಂಗದ ನೋವು. ಉರಿಯುತ್ತದೆ, ಜುಮ್ಮೆನ್ನುತ್ತದೆ, ಇರುವೆ ಹರಿದಂತಾಗುತ್ತದೆ, ಕರೆಂಟು ಹೊಡೆದಂತಾಗುತ್ತದೆ, ಮೆಣಸಿನಕಾಯಿ ಅರೆದು ಹಚ್ಚಿದಂತಿದೆ ಎನ್ನುವವರದು ನರದ ನೋವು. ಬಹುಕಾಲದ ಸಕ್ಕರೆ ಕಾಯಿಲೆಯವರ ಅಂಗಾಲು, ಸರ್ಪಸುತ್ತು ಆಗಿ ಹೋದವರ ಪಕ್ಕೆ ಈ ಗುಂಪಿಗೆ ಸೇರುತ್ತವೆ. ಎದೆಯ ಮೇಲೆ ಕಲ್ಲು ಹೇರಿದಂತಿದೆ ಎಂದವರಿಗೆ ಮಾತ್ರ ಪ್ರಶ್ನೆ ಸಾಕು, ತಕ್ಷಣ ಹೃದಯದ ವಿದ್ಯುತ್ ಲೇಖನ ತೆಗೆಯಬೇಕು.

ಈ ವಿಂಗಡಣೆ ಕೇವಲ ಪಾಂಡಿತ್ಯಕ್ಕಾಗಿ ಅಲ್ಲ. ನರದ ನೋವಿಗೆ ಡೈಕ್ಲೋಫೆನಾಕ್ ಚುಚ್ಚುಮದ್ದನ್ನು ಎಷ್ಟು ಕೊಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಅದಕ್ಕೆ ರಾತ್ರಿ ಹೊತ್ತು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಮ್‌ನಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು, ಇಲ್ಲವೇ ಗ್ಯಾಬಪೆಂಟಿನ್ ವರ್ಗದ ಔಷಧ ಕೊಡುವುದು ಸರಿಯಾದ ಕ್ರಮ. ಹೃದಯದ ತೊಂದರೆ ಇರುವವರು, ಮೂತ್ರ ಕಟ್ಟುವ ವಯಸ್ಸಾದ ಗಂಡಸರು, ಕಣ್ಣಿನ ಒತ್ತಡದವರು ಇವರಲ್ಲಿ ಅಮಿಟ್ರಿಪ್ಟಿಲಿನ್ ಬಗ್ಗೆ ಎಚ್ಚರ ಅಗತ್ಯ.

ಇನ್ನು ಅಳತೆ. ಸೊನ್ನೆಯಿಂದ ಹತ್ತರವರೆಗೆ ಒಂದು ಸಂಖ್ಯೆ ಹೇಳಿ ಎಂದು ಕೇಳುವುದು ಪ್ರಪಂಚದಾದ್ಯಂತ ಇರುವ ಪದ್ಧತಿ. ಶಾಲೆಗೆ ಹೋದವರಿಗೆ ಇದು ಸುಲಭ. ನಮ್ಮ ಹಳ್ಳಿಗಳ ಹಿರಿಯರಿಗೆ ಇದಕ್ಕಿಂತ ಸಲೀಸಾದ ಮಾನವೊಂದು ನಾಲಗೆಯ ಮೇಲೆಯೇ ಇದೆ. 1957ರಲ್ಲಿ ದಶಮಾಂಶ ನಾಣ್ಯಗಳು ಬಂದು ಆಣೆಗಳು ಹಿಂದೆ ಸರಿದರೂ, ರೂಪಾಯಿಗೆ ಹನ್ನೆರಡಾಣೆ ವಾಸಿ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಆದ್ದರಿಂದ ಶುಶ್ರೂಷಕಿಯು, "ಅಮ್ಮಾ, ತಡೆಯೋಕಾಗದ ನೋವನ್ನ ಹದಿನಾರಾಣೆ ಅಂತ ಇಟ್ಕೊಂಡ್ರೆ ಈಗ ನಿಮಗೆ ಎಷ್ಟಾಣೆ?" ಎಂದು ಕೇಳಿದರೆ, "ನೆನ್ನೆ ಹನ್ನೆರಡಾಣೆ ಇತ್ತು ಕಣಮ್ಮ, ಗುಳಿಗೆ ನುಂಗಿದ ಮೇಲೆ ಆರಾಣೆಗೆ ಬಂತು" ಎಂಬ ಉತ್ತರ ಬರುವ ಸಂಭವ ಹೆಚ್ಚು. ಅದನ್ನು ದಿನಾಂಕದೊಡನೆ ಚೀಟಿಯಲ್ಲಿ ಬರೆದರೆ ಆಯಿತು, ಅಳತೆ ಸಿದ್ಧ. ಮುಖ್ಯವಾದುದು ಒಂದು ದಿನದ ಅಂಕಿಯಲ್ಲ. ಅದೇ ರೋಗಿಯ ಇಂದಿನ ಮತ್ತು ನಾಳಿನ ಅಂಕಿಗಳ ವ್ಯತ್ಯಾಸ. ಚಿಕ್ಕ ಮಕ್ಕಳಿಗೆ ನಗುಮುಖದಿಂದ ಅಳುಮುಖದವರೆಗಿನ ಆರು ಚಿತ್ರಗಳ ಪಟ್ಟಿಯನ್ನು ತೋರಿಸಿ ಕೇಳಬಹುದು. ಮಾತು ಬಾರದವರಲ್ಲಿ ಹುಬ್ಬುಗಂಟು, ನರಳಾಟ, ಮುಟ್ಟಿದರೆ ಕೈ ತಳ್ಳುವುದು, ಊಟ ಬಿಡುವುದು ಇವನ್ನೇ ಗಮನಿಸಬೇಕು.

ಸೂಜಿಯ ಮೋಹ

ಗುಳಿಗೆ ಬೇಡ, ಸೂಜಿ ಹಾಕಿ ಎಂದು ಕೇಳುವ ರೋಗಿಗಳು ಎಲ್ಲೆಡೆ ಇದ್ದಾರೆ. ನುಂಗಬಲ್ಲ ರೋಗಿಗೆ ದೀರ್ಘಕಾಲದ ನೋವಿಗಾಗಿ ಚುಚ್ಚುಮದ್ದು ಕೊಡುವುದರಿಂದ ಹೆಚ್ಚಿನ ಲಾಭವಿಲ್ಲ. ಕೀವುಗಡ್ಡೆ, ಸೊಂಟದ ನರಕ್ಕೆ ಪೆಟ್ಟು ಮೊದಲಾದ ಅಪಾಯಗಳು ಮಾತ್ರ ಉಂಟು. ವಯಸ್ಕರಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಮ್‌ನಿಂದ 1 ಗ್ರಾಮ್‌ವರೆಗೆ, 6 ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಮ್ ಮೀರದಂತೆ ಕೊಡಬಹುದು. ತೀರ ಕೃಶರಾದವರಿಗೂ ಮದ್ಯಪಾನಿಗಳಿಗೂ ಇದಕ್ಕಿಂತ ಕಡಿಮೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ವರ್ಗದವು ಊತವಿರುವ ನೋವಿಗೆ ಕೆಲವು ದಿನಗಳ ಮಟ್ಟಿಗೆ ಉತ್ತಮ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಅಭ್ಯಾಸವೇ ಜಠರದ ಹುಣ್ಣಿಗೆ, ಮೂತ್ರಪಿಂಡದ ವೈಫಲ್ಯಕ್ಕೆ ದಾರಿ.

ಈ ಸಂದರ್ಭದಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡ ಕೆಟ್ಟು, ದೇಶದ ರಣಹದ್ದುಗಳ ಸಂತತಿ ಅಳಿವಿನ ಅಂಚಿಗೆ ಬಂದುದರಿಂದ ಸರ್ಕಾರವು 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದ ಹಕ್ಕಿಗಳಿಗಾಗಿ ಧಾಮವೊಂದಿದೆ. ಮನುಷ್ಯನ ಮೂತ್ರಪಿಂಡ ಅಷ್ಟು ನಾಜೂಕಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಬೆವರು ಸುರಿಸಿ, ನೀರು ಸಾಲದೆ ದುಡಿದು, ಸಂಜೆ ಎರಡು ಗುಳಿಗೆ ನುಂಗುವ ಕೂಲಿಕಾರನ ಮೂತ್ರಪಿಂಡಕ್ಕೂ ಒಂದು ಮಿತಿ ಇದೆ.

ಕುಟುಂಬ ಕಲ್ಯಾಣ ಕಾರ್ಯದಲ್ಲಿ ನೋವು

ಸಂತಾನ ನಿಯಂತ್ರಣ ಶಸ್ತ್ರಕ್ರಿಯೆಗೆ ಬರುವ ತಾಯಿ ರೋಗಿಯಲ್ಲ. ಆರೋಗ್ಯವಂತಳಾಗಿ, ತನ್ನ ಇಚ್ಛೆಯಿಂದ ಬಂದವಳು. ಅವಳಿಗೆ ಮೇಜಿನ ಮೇಲೆ ಆದ ಅನುಭವವೇ ಆ ಊರಿನ ಹತ್ತು ಹೆಂಗಸರ ಮುಂದಿನ ತೀರ್ಮಾನವನ್ನು ನಿರ್ಧರಿಸುತ್ತದೆ ಎಂಬುದು ಕ್ಷೇತ್ರದಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಸ್ಥಳೀಯ ಅರಿವಳಿಕೆಯಲ್ಲಿ ಮಾಡುವ ಈ ಶಸ್ತ್ರಕ್ರಿಯೆಯಲ್ಲಿ ಔಷಧದಷ್ಟೇ ಸಮಯವೂ ಮುಖ್ಯ. ಲಿಗ್ನೊಕೇಯ್ನ್ ಚುಚ್ಚಿದ ನಂತರ ಎರಡು ಮೂರು ನಿಮಿಷ ಕಾಯಬೇಕು. ಇಕ್ಕಳದಿಂದ ಚಿವುಟಿ ನೋಡಿ, ತಿಳಿಯುವುದಿಲ್ಲವೆಂದು ತಾಯಿ ಹೇಳಿದ ಮೇಲೆಯೇ ಚಾಕು ಮುಟ್ಟಿಸಬೇಕು. ಸಾಲಿನಲ್ಲಿ ಇನ್ನೂ ಇಷ್ಟು ಜನರಿದ್ದಾರೆ ಎಂಬುದು ಆ ಎರಡು ನಿಮಿಷವನ್ನು ಕಸಿಯಲು ಕಾರಣವಾಗಕೂಡದು.

ಪ್ರಮಾಣದ ಲೆಕ್ಕವನ್ನೂ ಎಲ್ಲರೂ ಕಲಿತಿರಬೇಕು. ಅಡ್ರಿನಲಿನ್ ಸೇರದ ಲಿಗ್ನೊಕೇಯ್ನ್‌ನ ಮಿತಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 4.5 ಮಿಲಿಗ್ರಾಮ್, ಒಟ್ಟು 300 ಮಿಲಿಗ್ರಾಮ್ ಮೀರಬಾರದು. 45 ಕಿಲೋ ತೂಗುವ ತಾಯಿಗೆ ಇದು ಸುಮಾರು 200 ಮಿಲಿಗ್ರಾಮ್. ಶೇಕಡಾ 2ರ ದ್ರಾವಣದಲ್ಲಿ 10 ಮಿಲಿಲೀಟರ್, ಶೇಕಡಾ 1ರದಾದರೆ 20 ಮಿಲಿಲೀಟರ್. ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು ಇವು ಔಷಧ ಮಿತಿಮೀರಿದುದರ ಮೊದಲ ಸೂಚನೆಗಳು. ತಾಯಿಯ ತಲೆಯ ಬಳಿ ನಿಂತ ದಾದಿಯು ಅವಳೊಡನೆ ಮಾತನಾಡುತ್ತಲೇ ಇದ್ದರೆ ಇವು ಸೆಟೆತ ಬರುವ ಮುಂಚೆಯೇ ತಿಳಿಯುತ್ತವೆ. ವಂಕಿ ಧಾರಣೆಯ ವೇಳೆಯಲ್ಲಿಯೂ ಮುಂಚಿತವಾಗಿ ವಿವರಿಸಿ, ನೋವಾದರೆ ಕೈಯೆತ್ತಲು ಹೇಳಿ, ಕೈಯೆತ್ತಿದಾಗ ನಿಜವಾಗಿ ನಿಲ್ಲಿಸಬೇಕು.

ಹೆರಿಗೆ ಬೇನೆಯ ವಿಷಯದಲ್ಲಿ ನಮ್ಮ ಹೆರಿಗೆ ಕೋಣೆಗಳ ಮಾತು ಕೆಲವೊಮ್ಮೆ ಒರಟು. ತಾಯಿ ನೆಚ್ಚಿದ ಹೆಣ್ಣುಮಗಳೊಬ್ಬಳು ಜೊತೆಗಿರುವುದು, ಓಡಾಡಲು ಮಗ್ಗುಲು ಬದಲಿಸಲು ಬಿಡುವುದು, ಸೊಂಟವನ್ನು ನೀವುವುದು, ಇವು ಖರ್ಚಿಲ್ಲದ ಉಪಾಯಗಳು. 2017ರ ಡಿಸೆಂಬರಿನಲ್ಲಿ ಆರಂಭವಾದ ಲಕ್ಷ್ಯ ಕಾರ್ಯಕ್ರಮವೂ ಹೆರಿಗೆಯ ಜೊತೆಗಾರ್ತಿಗೆ ಅವಕಾಶ ಕೊಡಲು ಹೇಳುತ್ತದೆ. ಹೊಲಿಗೆ ಹಾಕುವಾಗ ಮಾತ್ರ ನೀವುವಿಕೆ ಸಾಲದು; ಅಲ್ಲಿ ಲಿಗ್ನೊಕೇಯ್ನ್ ಬೇಕೇ ಬೇಕು.

ಕೂಸುಗಳಿಗೆ ನೋವು ತಿಳಿಯದು ಎಂಬ ನಂಬಿಕೆ ವೈದ್ಯರಲ್ಲಿಯೇ ಬಹುಕಾಲ ಇತ್ತು. ನವಜಾತ ಶಿಶುಗಳಿಗೆ ಸಾಕಷ್ಟು ನೋವುನಿವಾರಕವಿಲ್ಲದೆ ಶಸ್ತ್ರಕ್ರಿಯೆ ನಡೆಯುತ್ತಿದ್ದ ದಿನಗಳೂ ಇದ್ದವು. ಭಾರತೀಯ ಮೂಲದ ಕನ್ವಲ್ಜೀತ್ ಆನಂದ್ ಎಂಬ ವೈದ್ಯರು ಆಕ್ಸ್‌ಫರ್ಡಿನಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನವು, ದಿನ ತುಂಬದೆ ಹುಟ್ಟಿದ ಶಿಶುಗಳಿಗೂ ಶಸ್ತ್ರಕ್ರಿಯೆಯ ವೇಳೆ ಫೆಂಟನಿಲ್ ಕೊಟ್ಟರೆ ದೇಹದ ಮೇಲಿನ ಆಘಾತ ತಗ್ಗಿ ತೊಡಕುಗಳು ಕಡಿಮೆಯಾಗುವುದನ್ನು ತೋರಿಸಿಕೊಟ್ಟಿತು. ಲಸಿಕಾ ದಿನದಂದು ನಾವು ಮಾಡಬಹುದಾದುದು ಸರಳ: ಮಗುವನ್ನು ಮಲಗಿಸಿ ಅದುಮಿ ಹಿಡಿಯದೆ ತಾಯಿಯ ತೊಡೆಯ ಮೇಲೆ ಕೂರಿಸಬೇಕು, ಚುಚ್ಚುವ ಮುಂಚೆ ಇಲ್ಲವೇ ಚುಚ್ಚುವಾಗಲೇ ಮೊಲೆಯೂಡಿಸಲು ಹೇಳಬೇಕು, ಹೆಚ್ಚು ನೋವಾಗುವ ಲಸಿಕೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು, ಸೂಜಿ ಹೊಕ್ಕ ಮೇಲೆ ಪಿಸ್ಟನ್ನನ್ನು ಹಿಂದಕ್ಕೆ ಎಳೆದು ನೋಡುವ ಹಳೆಯ ಅಭ್ಯಾಸವನ್ನು ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿಯೇ ಈ ಸಲಹೆಗಳನ್ನು ನೀಡಿದೆ.

ಮಾರ್ಫಿನ್: ಭಯ ಮತ್ತು ಕಾನೂನು

ಇಷ್ಟು ಹೊತ್ತು ಹೇಳಿದ ನೋವುಗಳೆಲ್ಲ ಹೇಗೋ ದಿನ ಕಳೆದರೆ ತಗ್ಗುವಂಥವು, ಇಲ್ಲವೇ ಸಾಮಾನ್ಯ ಔಷಧಗಳಿಗೆ ಬಗ್ಗುವಂಥವು. ಬೆಳೆದ ಕ್ಯಾನ್ಸರಿನ ನೋವು ಹಾಗಲ್ಲ. ಹೊಗೆಸೊಪ್ಪು, ಎಲೆಯಡಿಕೆ ಅಗಿಯುವ ನಮ್ಮ ಸೀಮೆಯಲ್ಲಿ ಬಾಯಿಯ ಕ್ಯಾನ್ಸರ್ ಅಪರೂಪವಲ್ಲ. ತಡವಾಗಿ ಪತ್ತೆಯಾಗುವ ಗರ್ಭಕೊರಳಿನ ಕ್ಯಾನ್ಸರ್ ಕೂಡ. ದೊಡ್ಡಾಸ್ಪತ್ರೆಯಿಂದ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿಸಿಕೊಂಡು ಬಂದವರು ತಿಂಗಳುಗಟ್ಟಲೆ ಹಳ್ಳಿಯ ನಡುಮನೆಯಲ್ಲಿ ಮಲಗಿರುತ್ತಾರೆ. ರಾತ್ರಿಯ ನರಳಾಟ ಅಕ್ಕಪಕ್ಕದ ಮನೆಗಳಿಗೂ ಕೇಳುತ್ತದೆ. ಪಡೆದುಕೊಂಡು ಬಂದದ್ದು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಆ ನೋವನ್ನು ಬಹುಮಟ್ಟಿಗೆ ತಗ್ಗಿಸಬಲ್ಲ ಔಷಧ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದು ಬೆಳೆಯುವ ಗಸಗಸೆ ಗಿಡದ ಅಫೀಮು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಸೇರುತ್ತದೆ. ಹೊರದೇಶಗಳಿಗೆ ಅಫೀಮು ಮಾರುವ ಭಾರತದಲ್ಲಿ ರೋಗಿಗಳಿಗೆ ಅಗತ್ಯವಿರುವ ಮಾರ್ಫಿನ್ ವರ್ಗದ ಔಷಧದಲ್ಲಿ ನೂರಕ್ಕೆ 4 ಭಾಗ ಮಾತ್ರ ದೊರೆಯುತ್ತಿದೆ ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2017ರಲ್ಲಿ ಅಂದಾಜು ಮಾಡಿತು.

ಇದಕ್ಕೆ ಕಾರಣ ಹಳೆಯದು. 1985ರ ಮಾದಕ ವಸ್ತುಗಳ ಕಾಯಿದೆ ದುರುಪಯೋಗವನ್ನು ತಡೆಯಲು ಬಂದಿತು. ಕಠಿಣ ಶಿಕ್ಷೆ ಮತ್ತು ಹಲವು ಪರವಾನಗಿಗಳ ಭಯದಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಬಳಕೆ ನೂರಕ್ಕೆ 90ಕ್ಕಿಂತಲೂ ಹೆಚ್ಚು ಕುಸಿಯಿತು. ಆ ಅವಧಿಯಲ್ಲಿ ಓದಿದ ವೈದ್ಯರ ತಲೆಮಾರೊಂದು ಮಾರ್ಫಿನ್ ಗುಳಿಗೆಯನ್ನು ಕಣ್ಣಿನಿಂದ ನೋಡದೆಯೇ ವೃತ್ತಿಗೆ ಇಳಿಯಿತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, 2015ರಲ್ಲಿ ಇಡೀ ದೇಶಕ್ಕೆ ಏಕರೂಪದ ನಿಯಮಗಳು ಬಂದವು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಎಂಬ ಆರು ಔಷಧಗಳು ಅಗತ್ಯ ಮಾದಕ ಔಷಧಗಳೆನಿಸಿದವು. ಈಗ ಹಲವು ಇಲಾಖೆಗಳ ಬಾಗಿಲು ಅಲೆಯಬೇಕಿಲ್ಲ. ರಾಜ್ಯ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಆಸ್ಪತ್ರೆಯು ಇವನ್ನು ಇಟ್ಟುಕೊಳ್ಳಬಹುದು. ಅದಕ್ಕಿರುವ ಮುಖ್ಯ ಷರತ್ತು, ನೋವು ಶಮನದಲ್ಲಿ ತರಬೇತಿ ಪಡೆದ ವೈದ್ಯನೊಬ್ಬನಾದರೂ ಅಲ್ಲಿ ಇರಬೇಕೆಂಬುದು. ಎಂದರೆ, ಕಾನೂನಿನ ಬಾಗಿಲು ತೆರೆದು ವರ್ಷಗಳಾಗಿವೆ. ಒಳಗೆ ಹೋಗುವ ಚೀಟಿ ಶಿಕ್ಷಣವೇ ಆಗಿದೆ.

ಮಾರ್ಫಿನ್ ಕೊಡುವ ಕ್ರಮ ಕಷ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಮೂರು ಮೆಟ್ಟಿಲುಗಳ ಕ್ರಮವನ್ನು ಸಾರಿತು: ಕಡಿಮೆ ನೋವಿಗೆ ಪ್ಯಾರಾಸಿಟಮಾಲ್ ವರ್ಗ, ಮಧ್ಯಮಕ್ಕೆ ಕೊಡೀನ್ ವರ್ಗ, ತೀವ್ರಕ್ಕೆ ಮಾರ್ಫಿನ್. 2018ರ ಮಾರ್ಗಸೂಚಿಯು ಮೆಟ್ಟಿಲನ್ನು ಸ್ಥೂಲ ದಾರಿಯೆಂದು ಮಾತ್ರ ತಿಳಿದು, ರೋಗಿಯ ನೋವಿನ ತೀವ್ರತೆಗೆ ತಕ್ಕಂತೆ ನೇರವಾಗಿ ಆರಂಭಿಸಬಹುದೆಂದು ಹೇಳುತ್ತದೆ. ಬಾಯಿಯ ಮೂಲಕ, ಗಡಿಯಾರದ ಪ್ರಕಾರ ಎಂಬ ಸೂತ್ರ ಬದಲಾಗಿಲ್ಲ.

ಒಂದು ಉದಾಹರಣೆ ನೋಡೋಣ. ಬಾಯಿಯ ಕ್ಯಾನ್ಸರಿನ ತಾಯಿಯೊಬ್ಬಳಿಗೆ ಹದಿನಾಲ್ಕಾಣೆ ನೋವಿದೆ, ಇನ್ನೂ ನುಂಗಬಲ್ಲಳು. ವೈದ್ಯರು 5 ಮಿಲಿಗ್ರಾಮ್ ಮಾರ್ಫಿನ್ನನ್ನು 4 ಗಂಟೆಗೊಮ್ಮೆ ಬರೆಯುತ್ತಾರೆ. 10 ಮಿಲಿಗ್ರಾಮಿನ ಗುಳಿಗೆಯಲ್ಲಿ ಅರ್ಧ ಎಂದು ಮಗನಿಗೆ ಮುರಿದು ತೋರಿಸಬೇಕು. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 10ಕ್ಕೆ ಇಮ್ಮಡಿ ಕೊಟ್ಟರೆ ನಡುರಾತ್ರಿ 2ಕ್ಕೆ ಎಬ್ಬಿಸುವ ಅಗತ್ಯವಿಲ್ಲ. ನಡುವೆ ನೋವು ಉಕ್ಕಿದರೆ ಒಂದು ಹೆಚ್ಚುವರಿ ಅರ್ಧ ಗುಳಿಗೆ; ಅದನ್ನು ಕೊಟ್ಟ ಸಮಯವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಮಾರನೆಯ ದಿನ ಲೆಕ್ಕ: ನಿಗದಿತ ಪ್ರಮಾಣ 30 ಮಿಲಿಗ್ರಾಮ್, ಮೂರು ಬಾರಿ ಹೆಚ್ಚುವರಿ 15, ಒಟ್ಟು 45. ಹಾಗಾದರೆ ಮುಂದಿನ ಪ್ರಮಾಣ 4 ಗಂಟೆಗೊಮ್ಮೆ 7.5 ಮಿಲಿಗ್ರಾಮ್. ಮೊದಲ ದಿನದಿಂದಲೇ ಮಲಬದ್ಧತೆಗೆ ಬಿಸಕೊಡಿಲ್ ಜೊತೆಗಿರಬೇಕು; ಇದನ್ನು ಮರೆತರೆ ವಾರದೊಳಗೆ ರೋಗಿಯೇ ಮಾರ್ಫಿನ್ ಬೇಡವೆನ್ನುತ್ತಾಳೆ. ವಾಕರಿಕೆ, ತೂಕಡಿಕೆ ಮೊದಲ ಕೆಲವು ದಿನ ಇರುತ್ತವೆ. ವಯೋವೃದ್ಧರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ 2.5 ಮಿಲಿಗ್ರಾಮ್‌ನಿಂದ, ಹೆಚ್ಚಿನ ಅಂತರದಲ್ಲಿ ಆರಂಭಿಸಬೇಕು. ಎಬ್ಬಿಸಲಾರದಷ್ಟು ಮಂಪರು, ನಿಧಾನಗೊಂಡ ಉಸಿರಾಟ ಕಂಡರೆ ಮುಂದಿನ ಪ್ರಮಾಣವನ್ನು ನಿಲ್ಲಿಸಿ ತಕ್ಷಣ ವೈದ್ಯರಿಗೆ ತಿಳಿಸಬೇಕು.

"ಡಾಕ್ಟ್ರೇ, ಅವ್ವನಿಗೆ ಇದು ಚಟ ಆಗಲ್ವಾ?" ಎಂದು ಮಗ ಕೇಳುವುದು ಸಹಜ. ನೋವಿಗೆ ತಕ್ಕಷ್ಟೇ ಕೊಟ್ಟ ಮಾರ್ಫಿನ್ ಕ್ಯಾನ್ಸರ್ ರೋಗಿಗಳಲ್ಲಿ ಚಟವಾಗುವುದು ವಿರಳ, ನೋವಿಗೆ ಅನುಗುಣವಾಗಿ ಹೆಚ್ಚಿಸಿದರೆ ಅದು ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ ಎಂದು ಸಾವಧಾನವಾಗಿ ಹೇಳಬೇಕು. ದೀರ್ಘಕಾಲದ ಸಾಮಾನ್ಯ ಸೊಂಟನೋವಿಗೆ, ಮಂಡಿನೋವಿಗೆ ಮಾತ್ರ ಈ ಮಾತು ಅನ್ವಯಿಸದು. ಆ ನೋವುಗಳಿಗೂ ಧಾರಾಳವಾಗಿ ಇಂತಹ ಔಷಧ ಬರೆದುದರ ಪರಿಣಾಮ ಅಮೆರಿಕದಲ್ಲಿ ದೊಡ್ಡ ಅನಾಹುತಕ್ಕೆ ಎಡೆಮಾಡಿತು. ಎಲ್ಲಿ ಕೊಡಬೇಕು, ಎಲ್ಲಿ ಕೊಡಕೂಡದು ಎಂಬ ವಿವೇಕವೇ ಶಿಕ್ಷಣದ ತಿರುಳು.

ಕಲಿಯುವುದು ಎಲ್ಲಿ, ಹೇಗೆ

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ. 1994ರಲ್ಲಿ ರಚಿತವಾದ ಟ್ರಸ್ಟಿನ ಆಶ್ರಯದಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯವು ಅಂತಿಮ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುವುದಲ್ಲದೆ ತರಬೇತಿಯನ್ನೂ ಕೊಡುತ್ತದೆ. 1994ರಲ್ಲಿಯೇ ಆರಂಭವಾದ ಭಾರತೀಯ ಉಪಶಾಮಕ ಆರೈಕೆ ಸಂಘವು ವೈದ್ಯರಿಗೂ ಶುಶ್ರೂಷಕರಿಗೂ ಮೂಲ ಪ್ರಮಾಣಪತ್ರ ಶಿಕ್ಷಣ ನಡೆಸುತ್ತದೆ. ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ನೋವು ಚಿಕಿತ್ಸಾಲಯದ ಅನುಭವವು, ಮನೆಗೆ ಹೋಗುವ ದಾದಿಗೆ ಮತ್ತು ಊರಿನ ಸ್ವಯಂಸೇವಕರಿಗೆ ಕಲಿಸಿದರೆ ಎಷ್ಟು ಕೆಲಸವಾಗುತ್ತದೆ ಎಂಬುದನ್ನು ತೋರಿಸಿದೆ. ನಮ್ಮಲ್ಲಿಯೂ ಮನೆಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆ, ಆರೋಗ್ಯ ಸಹಾಯಕಿ ಮತ್ತು ಸಮುದಾಯ ಆರೋಗ್ಯಾಧಿಕಾರಿ. ಆದ್ದರಿಂದ ವೈದ್ಯನ ನಂತರ ಇವರಿಗೆ ಎಂದಲ್ಲ, ವೈದ್ಯನ ಜೊತೆಯಲ್ಲಿಯೇ ಇವರಿಗೆ ಶಿಕ್ಷಣ ದೊರೆಯಬೇಕು.

ನಗರದ ಹೋಟೆಲಿನಲ್ಲಿ ನಡೆಯುವ ಒಂದು ದಿನದ ಉಪನ್ಯಾಸಗಳ ಬಗ್ಗೆ ಈ ಲೇಖಕನಿಗೆ ಹೆಚ್ಚಿನ ಭರವಸೆ ಇಲ್ಲ. ಔಷಧ ಕಂಪನಿಗಳ ನೆರವಿನಿಂದ ನಡೆಯುವ ಸಭೆಯಲ್ಲಿ ಹೊಸ ದುಬಾರಿ ಗುಳಿಗೆಯ ಹೆಸರು ಹತ್ತು ಬಾರಿ ಕೇಳಿಬರುತ್ತದೆ. ಮಾರ್ಫಿನ್ ಅಗ್ಗದ ಔಷಧ. ಅದರ ಪರವಾಗಿ ಚೀಲ ಹಿಡಿದು ಬರುವ ಪ್ರತಿನಿಧಿ ಯಾರೂ ಇಲ್ಲ. ಅದಕ್ಕಿಂತ ಪ್ರತಿ ಕೇಂದ್ರದ ಮಾಸಿಕ ಸಭೆಯಲ್ಲಿ ಅರ್ಧ ಗಂಟೆಯನ್ನು ನೋವಿಗೆಂದು ಮೀಸಲಿಡುವುದು ಮೇಲು. ಆ ತಿಂಗಳು ಕಂಡ ಒಬ್ಬ ರೋಗಿಯ ಚೀಟಿಯನ್ನು ಹೆಸರು ಮುಚ್ಚಿ ಮುಂದಿಟ್ಟುಕೊಳ್ಳಬೇಕು. ಮೊದಲು ಮಾತನಾಡಬೇಕಾದವರು ಮನೆಗೆ ಹೋಗಿ ನೋಡಿ ಬಂದ ಸಹಾಯಕಿ, ವೈದ್ಯರು ಕಡೆಗೆ. ನೋವು ಎಷ್ಟಾಣೆ ಇತ್ತು, ರೋಗಿ ಯಾವ ಮಾತಿನಲ್ಲಿ ಹೇಳಿದಳು, ಏನು ಕೊಡಲಾಯಿತು, ಎಷ್ಟಾಣೆಗೆ ಇಳಿಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ಅದನ್ನೂ ಬರೆದುಕೊಂಡು ಮುಂದಿನ ತಿಂಗಳು ಮತ್ತೆ ಕೇಳಬೇಕು. ಗುಬ್ಬಿ, ಕುಣಿಗಲ್‌ನಂತಹ ತಾಲ್ಲೂಕುಗಳಿಂದ ಒಬ್ಬೊಬ್ಬ ವೈದ್ಯ ಮತ್ತು ಒಬ್ಬೊಬ್ಬ ಶುಶ್ರೂಷಕಿಯನ್ನು ಜೋಡಿಯಾಗಿ ತರಬೇತಿಗೆ ಕಳುಹಿಸುವುದು ಒಳ್ಳೆಯದು. ಒಬ್ಬರಿಗೆ ವರ್ಗವಾದರೂ ಕಲಿತದ್ದು ತಾಲ್ಲೂಕಿನಲ್ಲಿ ಉಳಿಯುತ್ತದೆ.

ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಮಾರ್ಫಿನ್ ಬೀರುವಿನ ಕೀಲಿ ಯಾರ ಬಳಿ ಇರಬೇಕು, ದಾಖಲೆ ಪುಸ್ತಕವನ್ನು ಯಾರು ಬರೆಯಬೇಕು ಎಂಬುದೂ ಈ ಪಾಠದ ಭಾಗವೇ. ಪ್ರತಿ ಗುಳಿಗೆಯ ಲೆಕ್ಕ ಅಂದಂದಿನದು ಅಂದೇ ಮುಗಿಯಬೇಕು. ರೋಗಿಯ ಮನೆಯಲ್ಲಿ ಗುಳಿಗೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗೆ ಇಡಲು ಹೇಳಬೇಕು. ರೋಗಿ ತೀರಿಕೊಂಡ ಮನೆಗೆ ಕೆಲವು ದಿನಗಳ ನಂತರ ಸಹಾಯಕಿಯು ಹೋಗಿ ಬರುವ ಪದ್ಧತಿ ಇರಬೇಕು. ಮನೆಯವರನ್ನು ಮಾತನಾಡಿಸಿ, ಉಳಿದ ಗುಳಿಗೆಗಳನ್ನು ಎಣಿಸಿ ಪಡೆದುಕೊಂಡು, ಚೀಟಿಗೆ ರುಜು ಹಾಕಿಸಿ, ಅವನ್ನು ಕೊಟ್ಟ ಆಸ್ಪತ್ರೆಗೆ ಹಿಂದಿರುಗಿಸಬೇಕು.